ಕೆರೆಯಿಂದ ಟ್ಯಾಂಕಿಗೆ

ಇಂಗ್ಲಿಷಿನ ‘ಟ್ಯಾಂಕ್’ ಎಂಬ ಮಾತನ್ನು ಅರಿಯದ ಕನ್ನಡಿಗರು ಇಂದು ಇರಲಾರರು. ಅಕ್ಷರವನ್ನೇ ಕಲಿಯದ ಅಜ್ಜಿಯೂ ‘ಟ್ಯಾಂಕು ತುಂಬಿತು, ಮೋಟಾರು ನಿಲ್ಲಿಸು’ ಎಂದು ಮೊಮ್ಮಗನನ್ನು ಕೂಗಿ ಹೇಳುತ್ತಾಳೆ. ಮನೆಯ ನೆತ್ತಿಯ ಮೇಲೆ ಕುಳಿತ ಕಪ್ಪು ಪ್ಲಾಸ್ಟಿಕ್ಕಿನ ಪೀಪಾಯಿ, ಸ್ಕೂಟರಿನ ಹೊಟ್ಟೆಯೊಳಗಿನ ಪೆಟ್ರೋಲಿನ ಡಬ್ಬಿ, ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೆಲ ನಡುಗಿಸುತ್ತ ಸಾಗುವ ಉಕ್ಕಿನ ರಥ, ಇವೆಲ್ಲಕ್ಕೂ ಹೆಸರು ಒಂದೇ. ಆದರೆ ಹಳೆಯ ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತವೊಂದನ್ನು ಬಿಡಿಸಿ ನೋಡಿದರೆ, ಅಲ್ಲಿ ‘ಟ್ಯಾಂಕ್’ ಎಂದರೆ ಇವುಗಳಲ್ಲಿ ಯಾವುದೂ ಅಲ್ಲ. ಅದು ನಮ್ಮ ಕೆರೆ. ಪೀಪಾಯಿಗೂ ಕೆರೆಗೂ ಎತ್ತಣ ನಂಟು? ಆ ನಂಟಿನ ಕಥೆಯನ್ನು ಹೇಳುವುದೇ ಇಂದಿನ ಈ ಮಾತುಗಳ ಉದ್ದೇಶ. ಇದು ಒಂದು ಪದದ ಚರಿತ್ರೆ; ಆದರೆ ಪದದ ಚರಿತ್ರೆಯೊಳಗೆ ನೀರಿನ ಚರಿತ್ರೆಯೂ ಅಡಗಿದೆ.

ಮೊದಲು ನಮ್ಮ ನೆಲದಿಂದಲೇ ಹೊರಡೋಣ. ಹಾಸನದಿಂದ ತೆಂಕಣ ದಿಕ್ಕಿಗೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಮೊಸಳೆ ಎಂಬ ಊರು ಸಿಗುತ್ತದೆ. ೧೨೦೦ರ ಸುಮಾರಿನಲ್ಲಿ, ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕಾಲದಲ್ಲಿ ಎದ್ದ ನಾಗೇಶ್ವರ, ಚೆನ್ನಕೇಶವ ಎಂಬ ಅವಳಿ ಗುಡಿಗಳು ಅಲ್ಲಿ ಅಕ್ಕತಂಗಿಯರಂತೆ ಪಕ್ಕ ಪಕ್ಕದಲ್ಲಿ ನಿಂತಿವೆ. ಶಿಲ್ಪಪ್ರಿಯರು ಗುಡಿಗಳನ್ನು ನೋಡಿ ಮೆಚ್ಚಿ ಹಿಂದಿರುಗುತ್ತಾರೆ. ಊರಿನ ಹೆಸರು ಜಲಚರವೊಂದರ ಹೆಸರಾಗಿದೆಯಲ್ಲ ಎಂದು ಒಂದು ಕ್ಷಣ ನಿಂತು ಯೋಚಿಸುವವರು ಕಡಿಮೆ. ಈ ಸೀಮೆಯ ಊರ ಹೆಸರುಗಳನ್ನು ಸುಮ್ಮನೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೂ ಸಾಕು, ಕಿವಿಗೆ ನೀರಿನ ಸದ್ದು ಕೇಳಿಸುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಹೊಳೆಯಿದೆ. ಚನ್ನರಾಯಪಟ್ಟಣಕ್ಕೆ ಹಿಂದೆ ಕೊಳತೂರು ಎಂಬ ಹೆಸರಿತ್ತೆಂದು ರೈಸ್ ಅವರ ಮೈಸೂರು ಗೆಜೆಟಿಯರು ಹೇಳುತ್ತದೆ, ಅಲ್ಲಿ ಕೊಳವಿದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದ ‘ಬೆಳ್ಗೊಳ’ ಬಿಳಿಯ ಕೊಳ. ಉತ್ತರಕ್ಕೆ ಸರಿದರೆ ಅರಸೀಕೆರೆ, ಅರಸಿಯ ಕೆರೆ. ಪಡುವಣಕ್ಕೆ ಹೊರಳಿದರೆ ಹೊಯ್ಸಳರ ರಾಜಧಾನಿಯೇ ದೋರಸಮುದ್ರ. ಕೆರೆಯೊಂದನ್ನು ‘ಸಮುದ್ರ’ವೆಂದು ಕರೆದು, ಆ ಹೆಸರನ್ನೇ ರಾಜಧಾನಿಗೂ ಇಟ್ಟುಕೊಂಡ ಅರಸುಮನೆತನ ನಮ್ಮದು. ನೆರೆಯ ಅರಕಲಗೂಡು ಮಾತ್ರ ‘ಅರ್ಕ’ನ, ಎಂದರೆ ಸೂರ್ಯನ, ಹೆಸರನ್ನು ಹೊತ್ತಿದೆ, ಇಷ್ಟೊಂದು ನೀರಿನ ನಡುವೆ ಒಬ್ಬ ಸೂರ್ಯನೂ ಬೇಕಲ್ಲವೆ!

ಇಂಥ ಸೀಮೆಯ ಹಳೆಯ ಇಂಗ್ಲಿಷ್ ಸರ್ವೆ ನಕ್ಷೆಯನ್ನು ಹರಡಿಕೊಂಡು ನೋಡಿದರೆ ಎಲ್ಲೆಡೆಯೂ ಸಣ್ಣ ಸಣ್ಣ ನೀಲಿಯ ತೇಪೆಗಳು. ಹಲವು ತೇಪೆಗಳ ಪಕ್ಕದಲ್ಲಿ ಬರೆದಿರುವುದು ಒಂದೇ ಮಾತು: ‘ಟ್ಯಾಂಕ್’. ಊರವರ ಬಾಯಲ್ಲಿ ಅವು ಹಿರಿಕೆರೆ, ಕಿರಿಕೆರೆ, ಕಟ್ಟೆ, ಕುಂಟೆ, ಹೊಂಡ, ಕಲ್ಯಾಣಿ ಎಂದು ಬೇರೆ ಬೇರೆ ಹೆಸರು ಹೊತ್ತವು. ನಕ್ಷೆಯ ಕಣ್ಣಿಗೆ ಎಲ್ಲವೂ ಟ್ಯಾಂಕು. ನಮ್ಮ ತಾತ ಶಾನುಭೋಗರಾಗಿದ್ದರು. ಅವರ ಕನ್ನಡ ಲೆಕ್ಕದ ಪುಸ್ತಕದಲ್ಲಿ ಇಂಥ ಕಟ್ಟೆ, ಇಂಥ ಕೆರೆ ಎಂದು ವಿಂಗಡವಾಗಿ ಇರುತ್ತಿದ್ದುದು ಕಚೇರಿಯ ಮೆಟ್ಟಿಲು ಹತ್ತಿ ಇಂಗ್ಲಿಷಿಗೆ ತಿರುಗಿದೊಡನೆ ಒಂದೇ ಪದದೊಳಗೆ ಕರಗಿಹೋಗುತ್ತಿತ್ತೆಂದು ಅವರು ನಗುತ್ತ ಹೇಳುತ್ತಿದ್ದುದುಂಟು.

ಹಾಗಾದರೆ ಈ ಪದ ಇಂಗ್ಲಿಷರಿಗೆ ಬಂದದ್ದೆಲ್ಲಿಂದ? ಅವರ ತಾಯ್ನಾಡಿನಲ್ಲಿ ಕೆರೆಯಿಲ್ಲ. ಅಲ್ಲಿ ಮಳೆ ವರ್ಷವಿಡೀ ಹನಿಯುತ್ತದೆ. ನಾಲ್ಕು ತಿಂಗಳ ನೀರನ್ನು ಹನ್ನೆರಡು ತಿಂಗಳಿಗೆ ಹಿಡಿದಿಡುವ ಚಿಂತೆ ಅಲ್ಲಿನ ಒಕ್ಕಲಿಗನಿಗಿಲ್ಲ. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲಿಷ್ ವರ್ತಕರು ನಮ್ಮ ಪಡುವಣ ಕರಾವಳಿಗೆ ಬಂದು, ೧೬೧೩ರಲ್ಲಿ ಸೂರತ್ತಿನಲ್ಲಿ ಕೋಠಿ ಹೂಡಿದರು. ಅಲ್ಲಿ ಗುಜರಾತಿಗಳು ನೆಲದಡಿಯ ನೀರಿನ ತೊಟ್ಟಿಗೆ ‘ಟಾಂಕುಂ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದೇ ‘ಟಾಂಕೇಂ’. ವರ್ತಕರ ಕಿವಿಗೆ ಬಿದ್ದ ಈ ಮಾತು ಅವರ ದಿನಚರಿಗಳಿಗೆ, ಕಾಗದಪತ್ರಗಳಿಗೆ ಇಳಿಯಿತು.

ಆದರೆ ಜಾತಕ ಅಷ್ಟು ಸರಳವಲ್ಲ. ಅವರಿಗಿಂತ ನೂರು ವರ್ಷ ಮೊದಲೇ ಪೋರ್ಚುಗೀಸರು ಈ ಕರಾವಳಿಯಲ್ಲಿ ನೆಲೆಯೂರಿದ್ದರು. ಅವರ ಭಾಷೆಯಲ್ಲಿ ಕೊಳಕ್ಕೆ ‘ತಾಂಕೆ’ ಎಂಬ ಮಾತಿದೆ. ಅದಕ್ಕೆ ಮೂಲ ‘ಎಸ್ತಾಂಕಾರ್’ ಎಂಬ ಕ್ರಿಯಾಪದ; ಹರಿಯುವುದನ್ನು ಅಡ್ಡಗಟ್ಟು, ತಡೆದು ನಿಲ್ಲಿಸು ಎಂದು ಅದರ ಅರ್ಥ. ಗಾಯದ ರಕ್ತವನ್ನು ತಡೆದು ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾಂಚ್’ ಎನ್ನುತ್ತಾರಲ್ಲ, ಅದೂ ಇದೇ ಕುಲದ್ದು. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಸ್ವಾರಸ್ಯವಾದ ಆಂಗ್ಲೋ-ಇಂಡಿಯನ್ ನಿಘಂಟಿನಲ್ಲಿ ಈ ಎರಡು ಮೂಲಗಳನ್ನೂ ತೂಗಿ ನೋಡಿದ್ದಾರೆ. ಗುಜರಾತಿನ ಮಾತೊಂದು, ಪೋರ್ಚುಗಲ್ಲಿನ ಮಾತೊಂದು, ರೂಪದಲ್ಲಿ ಹೋಲುವ ಈ ಎರಡೂ ಇಂಗ್ಲಿಷನ ನಾಲಗೆಯ ಮೇಲೆ ಸಂಧಿಸಿ ಒಂದಾದವೆಂದು ತಿಳಿದರೆ ತಪ್ಪಾಗದು. ಎರಡು ಹಳ್ಳಗಳು ಕೂಡಿ ಒಂದು ಕೆರೆ ತುಂಬುವಂತೆ ಎನ್ನಬಹುದು.

ಪೋರ್ಚುಗೀಸರ ಹೆಸರು ಬಂದಾಗ ಕನ್ನಡಿಗರಿಗೆ ವಿಜಯನಗರದ ನೆನಪಾಗದಿರದು. ೧೫೨೦ರ ಸುಮಾರಿನಲ್ಲಿ ಅಲ್ಲಿಗೆ ಬಂದಿದ್ದ ದೊಮಿಂಗೋ ಪಾಯೆಸ್ ಎಂಬ ಪ್ರವಾಸಿ, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ಕಣ್ಣಾರೆ ಕಂಡು ಬಣ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕಿಕ್ಕಿರಿದು ದುಡಿಯುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಆ ಕೆರೆಯ ಏರಿ ಎರಡು ಮೂರು ಸಲ ಒಡೆಯಿತೆಂದೂ, ಅದು ನಿಲ್ಲಬೇಕೆಂದು ಸೆರೆಯಾಳುಗಳನ್ನು ಬಲಿ ಕೊಡಲಾಯಿತೆಂದೂ ಅವನ ಬರಹದಲ್ಲಿದೆ. ಈ ಸಂಗತಿಗೆ ಮುಂದೆ ಬರುತ್ತೇನೆ. ಈಗ ಗಮನಿಸಬೇಕಾದದ್ದು ಇಷ್ಟು: ಪರದೇಶಿಯ ಕಣ್ಣಿಗೆ ಮೊದಲು ಬಿದ್ದದ್ದು ನೀರು ತುಂಬಿದ ಪಾತ್ರೆಯಲ್ಲ, ಹರಿವ ನೀರಿಗೆ ಅಡ್ಡವಾಗಿ ಮಣ್ಣು ಹೊತ್ತು ನಿಂತ ಜನ.

ಇನ್ನು ನಮ್ಮ ‘ಕೆರೆ’ಯ ಹುಟ್ಟನ್ನು ನೋಡೋಣ. ಹಳಗನ್ನಡದ ಶಾಸನಗಳಲ್ಲಿ ಇದು ಶಕಟರೇಫದ ‘ಕೆಱೆ’. ದ್ರಾವಿಡ ಭಾಷೆಗಳ ನಿಘಂಟನ್ನು ರಚಿಸಿದ ಬರ್ರೋ ಮತ್ತು ಎಮೆನೋ ಅವರು ಇದರ ಬಳಗವನ್ನು ಒಂದೆಡೆ ಕಲೆಹಾಕಿದ್ದಾರೆ. ತಮಿಳಿನ ‘ಸಿಱೈ’, ಮಲಯಾಳದ ‘ಚಿಱ’, ತೆಲುಗಿನ ‘ಚೆಱುವು’ ಇವೆಲ್ಲ ಇದರ ಒಡಹುಟ್ಟುಗಳು. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’ಯಾಗುವಂತೆ, ನಮ್ಮ ಕಕಾರ ಅಲ್ಲಿ ಚಕಾರವಾಗಿದೆ, ಅಷ್ಟೆ. ತಮಿಳಿನಲ್ಲಿ ‘ಸಿಱೈ’ ಎಂದರೆ ತಡೆ, ಅಣೆಕಟ್ಟೆ ಎಂಬ ಅರ್ಥಗಳುಂಟು. ಸೆರೆಮನೆ ಎಂಬ ಅರ್ಥವೂ ಉಂಟು. ಎಂದರೆ ಕೆರೆ ಎಂಬುದು ಮೂಲದಲ್ಲಿ ತಡೆದು ನಿಲ್ಲಿಸಿದ್ದು, ಅಂಕೆಯಲ್ಲಿ ಇಟ್ಟದ್ದು. ಏಳು ಕಡಲಾಚೆಯ ಪೋರ್ಚುಗೀಸ್ ಮಾತಿನ ಒಡಲಲ್ಲಿಯೂ ಇದೇ ಅರ್ಥವಿದ್ದುದನ್ನು ಈಗತಾನೆ ಕಂಡೆವು. ಎಂದೂ ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಒಂದೇ ಕ್ರಿಯೆಯಿಂದ ಎರಡು ನಾಮಪದಗಳನ್ನು ಪಡೆದವು. ಹರಿವ ನೀರಿಗೆ ಅಡ್ಡವಾಗಿ ಮನುಷ್ಯ ಕೈಯೊಡ್ಡಿ ನಿಂತ ಆ ಕ್ರಿಯೆಯೇ ಎರಡು ಮಾತುಗಳ ತಾಯಿ.

ಇಲ್ಲಿ ಇನ್ನೊಂದು ಚೋದ್ಯವುಂಟು. ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ದಡವಾಗಿ ಕಟ್ಟಿದ ಒಡ್ಡು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ಮದರಾಸಿನ ಕಡೆಗೆ ನೀರುಣಿಸುವ ವೀರಾಣಂ ಕೆರೆಗೆ ಅಲ್ಲಿಯವರು ವೀರಾಣಂ ಏರಿ ಎನ್ನುತ್ತಾರೆ. ಒಂದು ಭಾಷೆಯಲ್ಲಿ ಅಂಗವಾದದ್ದು ಇನ್ನೊಂದರಲ್ಲಿ ಅಂಗಿಯಾಯಿತು. ಒಡ್ಡಿಲ್ಲದೆ ಕೆರೆಯಿಲ್ಲ ಎಂಬುದನ್ನು ವ್ಯಾಕರಣವೇ ಸಾರಿದಂತಿದೆ. ಆ ಒಡ್ಡಿಗೆ ಇಂಗ್ಲಿಷರು ‘ಬಂಡ್’ ಎಂದರು. ಅದೂ ಅವರದಲ್ಲ, ಪಾರಸಿಯಿಂದ ಹಿಂದೂಸ್ತಾನಿಗೆ ಬಂದ ‘ಬಂದ್’. ಅಂಗಡಿ ಮುಂಗಟ್ಟು ಮುಚ್ಚಿಸುವ ನಮ್ಮ ಇಂದಿನ ‘ಬಂದ್’ ಕೂಡ ಅದೇ. ಬೆಂಗಳೂರಿನ ‘ಟ್ಯಾಂಕ್ ಬಂಡ್ ರಸ್ತೆ’ಯನ್ನು ಅಚ್ಚ ಇಂಗ್ಲಿಷ್ ಹೆಸರೆಂದು ಓದುತ್ತೇವೆ, ಬಿಡಿಸಿ ನೋಡಿದರೆ ಅದರ ಎರಡು ಮಾತುಗಳೂ ಇಂಗ್ಲಿಷರು ಇಲ್ಲಿಗೆ ಬಂದು ಎತ್ತಿಕೊಂಡವು.

ಕೆರೆ ಎಂದರೇನು? ನಿಘಂಟು ಹೇಳುವಷ್ಟು ಅದು ಸುಲಭವಲ್ಲ. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ಮಹಾನಿಘಂಟು ಕೆರೆಗೆ ‘ಟ್ಯಾಂಕ್’ ಎಂದು ಅರ್ಥ ಬರೆಯಿತು. ಅಂದಿನ ಭಾರತದ ಇಂಗ್ಲಿಷಿನಲ್ಲಿ ಅದು ಸರಿಯಾದ ಅರ್ಥವೇ. ಆದರೆ ಕೆರೆ ಒಂದು ಪದವಲ್ಲ, ಒಂದು ಸಂಸಾರ. ಏರಿಯಿದೆ, ಏರಿಯ ಬುಡದಲ್ಲಿ ತೂಬಿದೆ, ಹೆಚ್ಚಾದ ನೀರು ಹೊರಬೀಳುವ ಕೋಡಿಯಿದೆ, ನೀರಿಳಿದಾಗ ದನ ಮೇಯುವ ಕೆರೆಯಂಗಳವಿದೆ, ತೂಬಿನ ಕೆಳಗೆ ಅಚ್ಚುಕಟ್ಟಿದೆ, ತಳದಲ್ಲಿ ಹೊಲಕ್ಕೆ ಹೊನ್ನಾಗುವ ಗೋಡುಮಣ್ಣಿದೆ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವ ನೀರುಗಂಟಿಯಿದ್ದಾನೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುವುದರಿಂದ ಒಂದು ಊರಿನ ಕೆರೆ ಇನ್ನೊಂದು ಊರಿನ ನೆಂಟನೂ ಹೌದು. ಈ ಸಂಸಾರದಲ್ಲಿ ಒಬ್ಬರು ಕೆಲಸ ಬಿಟ್ಟರೂ ಮನೆ ನಿಲ್ಲುವುದಿಲ್ಲ.

ಇದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ. ಐದನೆಯ ಶತಮಾನದ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಕದಂಬರ ವಂಶಚರಿತ್ರೆಯೆಂದು ನಾವು ಓದುತ್ತೇವೆ. ಆದರೆ ಕಾಕುಸ್ಥವರ್ಮ ಗುಡಿಯ ಬಳಿ ಕೆರೆಯೊಂದನ್ನು ಕಟ್ಟಿಸಿದ್ದೇ ಆ ಕಾವ್ಯಕ್ಕೆ ನಿಮಿತ್ತ. ೧೯೦೨ರಲ್ಲಿ ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ತಿರುವಿ ಹಾಕಿದರೆ, ಗುಡಿ ಕಟ್ಟಿಸಿದ ಕೈಯೇ ಕೆರೆ ಕಟ್ಟಿಸಿದ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಟ್ಟಿಸಿದ್ದಷ್ಟೇ ಅಲ್ಲ, ಕಟ್ಟಿದ್ದು ನಿಲ್ಲುವಂತೆ ಮಾಡಿದ ಏರ್ಪಾಡೂ ನಮ್ಮ ಶಾಸನಗಳಲ್ಲಿ ಉಂಟು. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲಿಗೆ ‘ಬಿತ್ತುವಟ್ಟ’ವೆಂದು ಹೆಸರು. ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತಿ ಮಾಡಿದವನಿಗೆ, ಫಲದ ಹತ್ತನೆಯ ಒಂದು ಪಾಲಿನಂತಹ ಸಣ್ಣ ಅಂಶವನ್ನು ತೆರುವ ಕರಾರಿನ ಮೇಲೆ ಕೊಟ್ಟ ಭೂಮಿ ‘ದಶವಂದ’. ಕೆರೆಯ ಕೆಲಸಕ್ಕೆಂದು ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಕೊಟ್ಟದ್ದು ‘ಕಟ್ಟುಗೊಡಗೆ’. ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಎತ್ತುಕೋಣಗಳಿಗೂ ದತ್ತಿ ಬಿಟ್ಟವರುಂಟು. ಕೆರೆ ಕಟ್ಟುವುದು ಒಂದು ದಿನದ ಪುಣ್ಯ, ಅದನ್ನು ಕಾಯುವುದು ತಲೆಮಾರುಗಳ ಲೆಕ್ಕ ಎಂಬ ಅರಿವು ಈ ಒಂದೊಂದು ಮಾತಿನಲ್ಲಿಯೂ ಇದೆ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ೧೩೬೯ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ವಿವರ ಅದರಲ್ಲಿದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಅದು ಮುಗಿಯಿತಂತೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕು, ಆರು ದೋಷಗಳು ಇರಬಾರದು ಎಂದು ಶಾಸನ ಪಟ್ಟಿ ಮಾಡುತ್ತದೆ. ದೋಷಗಳನ್ನು ಕೇಳಿ: ಏರಿಯಿಂದ ನೀರು ಒಸರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯ ಮೇಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಹೊಲ ಹೆಚ್ಚಾಗುವುದು, ನೀರು ಹೆಚ್ಚಾಗಿ ಹೊಲ ಕಡಿಮೆಯಾಗುವುದು. ಎರಡು ರಾಜ್ಯಗಳ ಗಡಿಯ ನೀರು ದೋಷವೆಂದು ಆರೂವರೆ ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಬರೆಸಿದವರ ಅನುಭವಕ್ಕೆ, ಕಾವೇರಿಯ ವ್ಯಾಜ್ಯವನ್ನು ಕಂಡ ನಾವು ತಲೆಬಾಗಲೇಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಅಂದಿನದೆಲ್ಲ ಚಿನ್ನ, ಇಂದಿನದೆಲ್ಲ ತವರ ಎಂದು ನಾನು ಹೇಳುತ್ತಿಲ್ಲ. ಕೆರೆಯ ಚರಿತ್ರೆಯಲ್ಲಿ ಕಣ್ಣೀರೂ ಸೇರಿದೆ. ಪಾಯೆಸ್ ಬರೆದ ಬಲಿಯ ಸುದ್ದಿಯನ್ನು ಪರದೇಶಿಯ ಅತಿಶಯೋಕ್ತಿಯೆಂದು ತಳ್ಳಿಹಾಕುವ ಮೊದಲು ನಮ್ಮ ಜನಪದರೇ ಕಟ್ಟಿದ ‘ಕೆರೆಗೆ ಹಾರ’ವನ್ನು ನೆನೆಯಬೇಕು, ನೀರು ಬಾರದ ಕೆರೆಗೆ ಮನೆಯ ಕಿರಿಸೊಸೆ ಭಾಗೀರಥಿ ಆಹುತಿಯಾದ ಕಥೆಯನ್ನು ಕೇಳಿ ಅಳದವರಿಲ್ಲ. ಅಲ್ಲದೆ ಕೆರೆ ‘ಊರಿನದು’ ಎಂದಾಗ ಊರೆಂದರೆ ಯಾರು ಎಂಬ ಪ್ರಶ್ನೆಯೂ ಏಳುತ್ತದೆ. ಅಗೆದವರಿಗೆ ಆ ನೀರನ್ನು ಮುಟ್ಟುವ ಹಕ್ಕಿಲ್ಲದ ಊರುಗಳಿದ್ದವು. ಕೊಂಕಣದ ಮಹಾಡಿನಲ್ಲಿ ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದುದು ಆ ಪ್ರಶ್ನೆಗೆ ಕೊಟ್ಟ ಉತ್ತರ. ಪುರಸಭೆ ೧೯೨೪ರಲ್ಲಿಯೇ ಆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು; ಆದರೂ ಒಂದು ಬೊಗಸೆ ನೀರಿನ ಹಕ್ಕು ಬೊಂಬಾಯಿ ಉಚ್ಚ ನ್ಯಾಯಾಲಯದಲ್ಲಿ ಸ್ಥಿರವಾಗಲು ೧೯೩೭ರವರೆಗೆ ಕಾಯಬೇಕಾಯಿತು. ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಇದು ‘ಚವದಾರ್ ಟ್ಯಾಂಕ್’ ಸತ್ಯಾಗ್ರಹ. ಆ ಪದ ಇಷ್ಟು ಗೌರವದಿಂದ ನಿಂತ ಇನ್ನೊಂದು ಸ್ಥಳ ನನಗೆ ತೋರದು.

ಮತ್ತೆ ಮೈಸೂರಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಎಂಬ ಸೇನಾಧಿಕಾರಿ ಸಂಸ್ಥಾನದ ಕೆರೆಗಳನ್ನು ಕಂಡು ಬೆರಗಾದ. ಇಪ್ಪತ್ತೇಳು ಸಾವಿರದ ಇನ್ನೂರ ಅರುವತ್ತೊಂಬತ್ತು, ಎಂದರೆ ೨೭,೨೬೯ ಚದರ ಮೈಲಿಯ ನಾಡಿನಲ್ಲಿ ಸುಮಾರು ನೂರಕ್ಕೆ ೬೦ ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆ, ಹೊಸದೊಂದು ಕೆರೆಗೆ ತಾವು ಹುಡುಕಬೇಕಾದರೆ ಬುದ್ಧಿವಂತಿಕೆಯೇ ಬೇಕು ಎಂಬುದು ಅವನ ಅಭಿಪ್ರಾಯ. ಬೆಂಗಳೂರಿನ ಸ್ಯಾಂಕಿ ಟ್ಯಾಂಕ್ ಇವನ ಹೆಸರಿನದೇ. ಇಂಥವರಿಗೆ ನಮ್ಮ ಕೆರೆಗಳ ಬೆಲೆ ಗೊತ್ತಿರಲಿಲ್ಲವೆಂದರೆ ಅನ್ಯಾಯವಾದೀತು. ಆದರೆ ಒಬ್ಬ ಅಧಿಕಾರಿಯ ಮೆಚ್ಚುಗೆ ಬೇರೆ, ಕಡತದ ಸ್ವಭಾವ ಬೇರೆ. ಕಡತಕ್ಕೆ ಬೇಕಾದದ್ದು ಎಣಿಸಬಹುದಾದ ವಸ್ತು. ಎಷ್ಟು ಟ್ಯಾಂಕು, ಎಷ್ಟು ಕಂದಾಯ, ಯಾವುದು ಮೇಜರ್, ಯಾವುದು ಮೈನರ್? ೧೯೧೧ರಲ್ಲಿ ಮೈಸೂರು ಸರ್ಕಾರ ಊರವರನ್ನು ಮತ್ತೆ ಕೆರೆಯ ಬಳಿಗೆ ಕರೆಯಲೆಂದು ಕಾಯಿದೆ ಮಾಡಿದಾಗಲೂ ಅದರ ಹೆಸರು ‘ಟ್ಯಾಂಕ್ ಪಂಚಾಯತ್ ರೆಗ್ಯುಲೇಷನ್’. ಇಂದಿಗೂ ೪೦ ಹೆಕ್ಟೇರಿನವರೆಗಿನ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಗೆ, ಅದರ ಮೇಲೆ ೨,೦೦೦ ಹೆಕ್ಟೇರಿನವರೆಗಿನದು ಸಣ್ಣ ನೀರಾವರಿ ಇಲಾಖೆಗೆ. ಲೆಕ್ಕ ಅಚ್ಚುಕಟ್ಟಾಗಿದೆ. ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬ ಮಾತುಗಳು ಮಾತ್ರ ಶಾಸನ ಓದುವವರ ಪಾಲಾದವು. ಆ ಮಾತುಗಳೊಡನೆ ಅವು ಹೊತ್ತಿದ್ದ ಹೊಣೆಯೂ ಸಡಿಲವಾಯಿತು.

ಇತ್ತ ಇಂಗ್ಲಿಷರ ನಾಡಿನಲ್ಲಿ ಈ ಪದ ತನ್ನ ಪಾಡಿಗೆ ಬೆಳೆಯುತ್ತಿತ್ತು. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ನೀರು, ಎಣ್ಣೆ ಮುಂತಾದ ದ್ರವಗಳನ್ನು ತುಂಬಿಡುವ ಯಾವುದೇ ದೊಡ್ಡ ಪಾತ್ರೆಗೂ ಅದು ಹೆಸರಾಯಿತು. ತಡೆದು ನಿಲ್ಲಿಸುವ ಕ್ರಿಯೆ ಮರೆತುಹೋಯಿತು, ತುಂಬಿಡುವ ಪಾತ್ರೆ ಉಳಿಯಿತು. ಆ ಬಳಿಕ ಮೊದಲನೆಯ ಮಹಾಯುದ್ಧ. ೧೯೧೫ರಲ್ಲಿ ಬ್ರಿಟಿಷ್ ನೌಕಾಖಾತೆಯಲ್ಲಿ ಚರ್ಚಿಲ್ ಅವರ ಪ್ರೇರಣೆಯಿಂದ ‘ನೆಲಹಡಗು’ಗಳ ಸಮಿತಿಯೊಂದು ಕೂಡಿತು. ಕಂದಕಗಳನ್ನು ದಾಟಿ, ಮುಳ್ಳುತಂತಿಯನ್ನು ತುಳಿದು ಸಾಗುವ ಉಕ್ಕಿನ ವಾಹನವೊಂದನ್ನು ಲಿಂಕನ್ ನಗರದ ಕಾರ್ಖಾನೆಯಲ್ಲಿ ಗುಟ್ಟಾಗಿ ತಯಾರಿಸತೊಡಗಿದರು. ಶತ್ರುವಿನ ಬೇಹುಗಾರರಿಗೆ ಸುಳಿವು ಸಿಕ್ಕಬಾರದಲ್ಲ! ಮೆಸಪೊಟೇಮಿಯಾದ ಮರಳುಗಾಡಿಗೆ ನೀರೊಯ್ಯುವ ಗಾಡಿಗಳು ಎಂಬ ಕಥೆ ಹುಟ್ಟಿತು. ಕೆಲವದರ ಮೇಲೆ ಪೆಟ್ರೋಗ್ರಾಡಿಗೆ ಜೋಪಾನವಾಗಿ ಕಳುಹಿಸತಕ್ಕದ್ದೆಂದು ರಷ್ಯನ್ ಅಕ್ಷರಗಳಲ್ಲಿ ಬರೆಸಿದರಂತೆ. ನೀರುಗಾಡಿ ಎಂದೇ ಹೆಸರಿಡೋಣವೆಂದರೆ ಅದರ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ‘ಡಬ್ಲ್ಯು. ಸಿ.’, ಎಂದರೆ ಪಾಯಿಖಾನೆ ಎಂದಾಗುತ್ತಿತ್ತು! ಆ ವರ್ಷದ ಡಿಸೆಂಬರಿನಲ್ಲಿ ‘ಟ್ಯಾಂಕ್’ ಎಂಬ ಹೆಸರು ಗೊತ್ತಾಯಿತು. ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೋಮ್ ನದಿಯ ಬಯಲಿನಲ್ಲಿ ಟ್ಯಾಂಕುಗಳು ಮೊದಲ ಬಾರಿಗೆ ಕಾಳಗಕ್ಕೆ ಇಳಿದವು. ಜೀವ ಉಳಿಸುವ ನೀರಿನ ಹೆಸರು ಜೀವ ತೆಗೆಯುವ ಯಂತ್ರಕ್ಕೆ ಮರೆಯಾಯಿತು. ಯುದ್ಧ ಮುಗಿಯಿತು, ಮರೆಯ ಹೆಸರೇ ಅದರ ನಿಜವಾದ ಹೆಸರಾಗಿ ನಿಂತಿತು.

ಅಲ್ಲಿಂದ ಮುಂದೆ ಪದಕ್ಕೆ ತಡೆಯೇ ಇಲ್ಲವಾಯಿತು. ಅಮೆರಿಕದವರು ಈಜುಕೊಳವನ್ನೂ ಟ್ಯಾಂಕೆಂದರು. ಅದರಲ್ಲಿ ಈಜುವವರ ಉಡುಪನ್ನು ಹೋಲುವ ತೋಳಿಲ್ಲದ ಅಂಗಿ ‘ಟ್ಯಾಂಕ್ ಟಾಪ್’ ಆಯಿತು. ವಿದ್ವಾಂಸರನ್ನು ಕೂಡಿಹಾಕಿ ಸರ್ಕಾರಕ್ಕೆ ಸಲಹೆ ಹೇಳಿಸುವ ಸಂಸ್ಥೆ ‘ಥಿಂಕ್ ಟ್ಯಾಂಕ್’ ಆಯಿತು. ಇದನ್ನು ಕನ್ನಡಕ್ಕೆ ತರಬೇಕಾದಾಗ ನಮ್ಮ ಪತ್ರಿಕೆಗಳವರು ‘ಯೋಚನೆಯ ತೊಟ್ಟಿ’ ಎನ್ನಲಿಲ್ಲ, ‘ಚಿಂತಕರ ಚಾವಡಿ’ ಎಂದರು. ಎಷ್ಟು ಚೆಲುವಾದ ಅನುವಾದ! ತುಂಬಿಡುವ ಪಾತ್ರೆಯ ಜಾಗದಲ್ಲಿ ಅವರು ಜನ ಕೂಡುವ ಜಾಗವನ್ನು ಇರಿಸಿದರು. ಕನ್ನಡದ ಮನಸ್ಸಿಗೆ ಟ್ಯಾಂಕಿನ ಎದುರು ಚಾವಡಿಯೇ ಸೂಚಿಸಿತೆಂಬುದು ಆಕಸ್ಮಿಕವಿರಲಾರದು.

ಹೀಗೆ ಪರದೇಶ ಸುತ್ತಿದ ಪದ ತೌರಿಗೆ ಮರಳಿದಾಗ ತಾಯಿಗೇ ಗುರುತು ಸಿಗದಂತಾಗಿತ್ತು. ಕನ್ನಡದಲ್ಲಿ ‘ಟ್ಯಾಂಕು’ ಎಂದರೆ ಇಂದು ತಾರಸಿಯ ಮೇಲಿನ ಪೀಪಾಯಿ, ಊರ ನಡುವೆ ಕಾಂಕ್ರೀಟಿನ ಕಾಲ ಮೇಲೆ ನಿಂತ ಗಡಿಗೆ. ಅದಕ್ಕೆ ಚಕ್ರ ಬಂದರೆ ‘ಟ್ಯಾಂಕರು’. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ಟ್ಯಾಂಕರಿನ ದಾರಿ ಕಾಯುತ್ತ ನಿಂತರು. ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಬೇಕಾಯಿತು. ಒಂದಾನೊಂದು ಕಾಲದಲ್ಲಿ ಧರ್ಮಾಂಬುಧಿ ಎಂಬ ಕೆರೆಯಿದ್ದ ಜಾಗದಲ್ಲಿ ಆ ನಗರದ ದೊಡ್ಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯನ್ನು ಮುಚ್ಚಿದ ನೆಲದ ಮೇಲೆ ಟ್ಯಾಂಕರು ಓಡುವಾಗ, ಆ ಹೆಸರಿನೊಳಗೆ ಕೆರೆಯೊಂದರ ನೆನಪು ಹುದುಗಿದೆಯೆಂದು ಚಾಲಕನಿಗೆ ಹೇಗೆ ತಿಳಿಯಬೇಕು?

ನಗರಗಳಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ‘ಅಲಸೂರು ಟ್ಯಾಂಕ್’ ಎಂದು ಬರೆಯುತ್ತಿದ್ದವರು ‘ಅಲಸೂರು ಲೇಕ್’ ಎಂದು ಬರೆಯತೊಡಗಿದರು. ‘ಲೇಕ್’ ಎಂದರೆ ನಿಸರ್ಗವೇ ಮಾಡಿಟ್ಟ ಸರೋವರ. ಸುತ್ತ ನಡೆದಾಡುವ ದಾರಿ, ಕೂರಲು ಬೆಂಚು, ನೋಡಲು ಬಾತುಕೋಳಿ. ತೂಬಿನ, ಅಚ್ಚುಕಟ್ಟಿನ ಗೊಡವೆ ಅದಕ್ಕಿಲ್ಲ. ಕೆರೆಗಳ ರಕ್ಷಣೆಗೆಂದು ನಮ್ಮ ರಾಜ್ಯ ೨೦೧೪ರಲ್ಲಿ ಮಾಡಿದ ಕಾನೂನಿನ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಲೇಕ್’ ಎಂದಿತ್ತು, ಅನಂತರದ ತಿದ್ದುಪಡಿಯಲ್ಲಿ ‘ಟ್ಯಾಂಕ್’ ಎಂದಾಯಿತು. ಇಂಗ್ಲಿಷಿನಲ್ಲಿ ಹೆಸರಿಗಾಗಿ ಇಷ್ಟು ಹೊಯ್ದಾಟ. ಕನ್ನಡದಲ್ಲಿ ಅಂದಿಗೂ ಇಂದಿಗೂ ಒಂದೇ ಮಾತು, ಕೆರೆ.

ಇಲ್ಲಿಯೇ ನನಗೆ ಹೇಳಬೇಕೆನಿಸುವ ಮುಖ್ಯ ಸಂಗತಿ ಇರುವುದು. ಇಂಗ್ಲಿಷ್ ಕಡತಗಳು ಶತಮಾನಕ್ಕೂ ಮಿಕ್ಕಿ ನಮ್ಮ ಕೆರೆಯನ್ನು ಟ್ಯಾಂಕೆಂದು ಕರೆದವು. ಆದರೂ ಕನ್ನಡಿಗರ ನಾಲಗೆ ಅದನ್ನು ಒಪ್ಪಲಿಲ್ಲ. ಸ್ಯಾಂಕಿ ಟ್ಯಾಂಕಿನಂಥ ಒಂದೆರಡು ನಗರದ ಹೆಸರುಗಳನ್ನು ಬಿಟ್ಟರೆ, ಮಾತನಾಡುವ ಕನ್ನಡದಲ್ಲಿ ಯಾರೂ ಕೆರೆಗೆ ಟ್ಯಾಂಕೆನ್ನುವುದಿಲ್ಲ. ಬಸ್ಸು, ರೈಲು, ಕೋರ್ಟು, ಆಸ್ಪತ್ರೆಗಳನ್ನು ಉದಾರವಾಗಿ ಒಳಗೆ ಕರೆದುಕೊಂಡ ಜನ ಈ ಒಂದು ಮಾತನ್ನು ಹೊಸ್ತಿಲಲ್ಲಿ ತಡೆದು, ‘ನಿನಗೆ ತಾರಸಿಯ ಮೇಲೆ ಜಾಗ, ಏರಿಯ ಬಳಿ ಅಲ್ಲ’ ಎಂದುಬಿಟ್ಟರು. ಪಂಡಿತರು ಸಮಿತಿ ಮಾಡಿ ತೀರ್ಮಾನಿಸಿದ್ದಲ್ಲ ಇದು. ಕೆರೆಗೆ ಒಪ್ಪುವ ಕ್ರಿಯಾಪದಗಳು ಟ್ಯಾಂಕಿಗೆ ಒಪ್ಪಲಿಲ್ಲ, ಅಷ್ಟೆ. ಟ್ಯಾಂಕು ತುಂಬುತ್ತದೆ, ಖಾಲಿಯಾಗುತ್ತದೆ. ಕೆರೆಯನ್ನು ಕಟ್ಟುತ್ತಾರೆ, ಕೆರೆ ಮೈದುಂಬುತ್ತದೆ, ಕೋಡಿ ಬೀಳುತ್ತದೆ, ಬತ್ತುತ್ತದೆ, ಹೂಳುತ್ತದೆ, ಒಡೆಯುತ್ತದೆ, ಅದಕ್ಕೆ ಬಾಗಿನ ಕೊಡುತ್ತಾರೆ. ಟ್ಯಾಂಕಿಗೆ ಬಾಗಿನ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ಭಾಷೆ ಹೀಗೆ ತನ್ನ ಕೆಲಸವನ್ನು ಮಾಡಿದೆ. ಪದವನ್ನು ಕಾಪಾಡಿ ಕೊಟ್ಟಿದೆ. ಪದದ ಹಿಂದಿನ ವಸ್ತುವನ್ನು ಕಾಪಾಡುವುದು ಭಾಷೆಯ ಕೈಯಲ್ಲಿಲ್ಲ. ೧೯೭೯ರಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಮುಗಿದ ಮೇಲೆ ಈ ಸೀಮೆಯ ಹಲವು ಊರುಗಳಿಗೆ ನಾಲೆಯ ನೀರು ಬಂದಿತು. ಅದರಿಂದಾದ ಉಪಕಾರ ದೊಡ್ಡದು. ಆದರೆ ದೂರದ ನೀರು ಬಂದ ಮಾತ್ರಕ್ಕೆ ಹತ್ತಿರದ ಕೆರೆ ಬೇಡವಾಗಬೇಕಿಲ್ಲ. ರಾಜ್ಯದಲ್ಲಿ ೩೬,೦೦೦ಕ್ಕೂ ಮಿಕ್ಕ ಕೆರೆಗಳಿವೆಯೆಂದು ಸರ್ಕಾರದ ಲೆಕ್ಕ. ಆ ಲೆಕ್ಕ ಟ್ಯಾಂಕುಗಳ ಲೆಕ್ಕ. ಅವುಗಳಲ್ಲಿ ಕೆರೆಗಳೆಷ್ಟು ಎಂದು ತಿಳಿಯಬೇಕಾದರೆ ಬೇರೆಯೇ ಪ್ರಶ್ನೆಗಳನ್ನು ಕೇಳಬೇಕು: ಏರಿ ಗಟ್ಟಿಯಾಗಿದೆಯೇ? ತೂಬು ತೆರೆಯುತ್ತದೆಯೇ? ಕೋಡಿಯ ಹಳ್ಳವನ್ನು ಯಾರಾದರೂ ಒತ್ತಿದ್ದಾರೆಯೇ? ನೀರುಗಂಟಿ ಇದ್ದಾನೆಯೇ? ಆ ನೀರಿಗೆ ಊರಿನ ಎಲ್ಲರೂ ಬೊಗಸೆ ಒಡ್ಡಬಹುದೇ?

ಟ್ಯಾಂಕ್ ಎಂದು ಬರೆದರೆ ಈ ಪ್ರಶ್ನೆಗಳು ಏಳುವುದಿಲ್ಲ. ಪಾತ್ರೆಗೆ ಅಳತೆಯೊಂದಿದ್ದರೆ ಸಾಕು. ಕೆರೆ ಎಂದು ಬರೆದ ಮೇಲೆ ಇಷ್ಟನ್ನೂ ಕೇಳುವ ಹಕ್ಕು ನಮಗೆ ಬರುತ್ತದೆ, ಉತ್ತರ ಕೊಡುವ ಹೊಣೆಯೂ ನಮ್ಮ ಹೆಗಲಿಗೇ ಬರುತ್ತದೆ.